ಒಂದೋ ಕಾಯಿಲೆ, ಇಲ್ಲ ಕಳ್ಳ

"ನಿಮ್ಮ ತಂದೆ ತುಂಬಾ ಡೋಸೈಲ್ ಕಣ್ರೀ," ಎಂದರು ದೊಡ್ಡ ಸಿಸ್ಟರ್.

ಮಗಳು ಕಿತ್ತಳೆ ಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, "ಯಾರ ತಂದೆ?" ಎಂದು ಕೇಳಿದಳು.

"ನಿಮ್ಮ ತಂದೆ. ಹಾಲ್‌ನಲ್ಲಿ ಬಾಗಿಲ ಪಕ್ಕದ ಮಂಚ."

"ಬಾಗಿಲ ಪಕ್ಕದ್ದಾ? ಅಲ್ಲಿರೋರು ನಮ್ಮಪ್ಪ."

"ಅದನ್ನೇ ಹೇಳ್ತಿದೀನಲ್ಲ, ಅವರೇ. ಕೊಟ್ಟಿದ್ದು ತಿಂತಾರೆ, ಕೂತ್ಕೊಳಿ ಅಂದ್ರೆ ಕೂತ್ಕೋತಾರೆ, ಮಲ್ಕೊಳಿ ಅಂದ್ರೆ ಮಲ್ಕೋತಾರೆ. ಇಂಥೋರು ಇನ್ನೊಂದಿಷ್ಟು ಜನ ಇದ್ಬಿಟ್ರೆ ನಾವು ಕಾಲು ಚಾಚ್ಕೊಂಡು ಕೂತಿರಬಹುದು."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಕ್ಷಮೆ ಕೇಳುವ ಮಾತುಗಳನ್ನೇ ಜೋಡಿಸಿಕೊಂಡು ಬಂದಿದ್ದಳು. ವಯಸ್ಸಾಗಿದೆ ಸಿಸ್ಟರ್, ಮನಸ್ಸಿಗೆ ಹಾಕ್ಕೋಬೇಡಿ, ಒಡೆದಿದ್ದಕ್ಕೆ ನಾನು ಕೊಡ್ತೀನಿ, ಇನ್ನೊಂದೇ ಒಂದು ವಾರ ನೋಡಿ. ಅಷ್ಟರಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಮಾತು ಕೇಳುವುದು ಅವಳ ಅಪ್ಪನ ಜಾಯಮಾನದಲ್ಲೇ ಇರಲಿಲ್ಲ. ಸಿಸ್ಟರ್ ಯಾರನ್ನೋ ನೋಡಿ ಯಾರದೋ ಮಾತು ಹೇಳುತ್ತಿದ್ದಾರೆ ಎಂದುಕೊಂಡಳು.

ಆದರೆ ಅವಳನ್ನು ಹೆಚ್ಚು ಗಲಿಬಿಲಿ ಮಾಡಿದ್ದು ಆ ಪದ. ಡೋಸೈಲ್. ಅದನ್ನು ಅವಳು ಲಂಗ ಹಾಕುವ ವಯಸ್ಸಿನಿಂದ ಕೇಳಿದ್ದಳು, ಆದರೆ ಮನುಷ್ಯರ ಬಗ್ಗೆ ಅಲ್ಲ. ಅದು ಕುದುರೆಗಳಿಗೆ ಹೇಳುವ ಪದ.

ಅಪ್ಪ ಸವಾರಿ ಶಾಲೆಯಲ್ಲಿ ಕುದುರೆ ಪಳಗಿಸುವವರಾಗಿದ್ದರು. ಎಲ್ಲರೂ ಅವರನ್ನು ಲಗಾಮು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟ್ರಿಗೆ ಬರುತ್ತಿದ್ದ ಇಂಗ್ಲಿಷ್ ಎಲ್ಲ ಸೇರಿ ನಾಲ್ಕು ಪದ. ಶಾಲೆಯವರು ಕುದುರೆ ಮಾರುವಾಗ ಲಾಯದ ಕಂಬಕ್ಕೆ ಒಂದು ಇಂಗ್ಲಿಷ್ ಪದ ಬರೆದು ತೂಗುಹಾಕುತ್ತಿದ್ದರು. ಕೊಳ್ಳುವವರು ಅದನ್ನು ಓದಿಯೇ ಹತ್ತಿರ ಬರುತ್ತಿದ್ದರು. ಯಾವ ಕುದುರೆಗೆ ಯಾವ ಪದ ಎಂದು ಹೇಳುವ ಅಧಿಕಾರ ಮೇಷ್ಟ್ರದು. ಅವರು ಆ ನಾಲ್ಕು ಪದಗಳಿಗೆ ತಮ್ಮದೇ ಅರ್ಥ ಕಟ್ಟಿಕೊಂಡಿದ್ದರು. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತ ಮಗಳಿಗೆ ಪಾಠ ಮಾಡುತ್ತಿದ್ದರು.

"ಕ್ವಯಟ್ ಅಂದ್ರೆ ಮುದಿ. ಅದಕ್ಕೆ ಯಾವುದೂ ಬೇಡ, ಹುಲ್ಲು ಸಿಕ್ರೆ ಸಾಕು. ಟ್ರ್ಯಾಕ್ಟಬಲ್ ಅಂದ್ರೆ ಮೊದ್ಲು ಒಲ್ಲೆ ಅನ್ನುತ್ತೆ, ಆಮೇಲೆ ತಾನೇ ಬರುತ್ತೆ, ನಿಮ್ಮಮ್ಮನ ಥರ. ಮ್ಯಾನೇಜಬಲ್ ಅಂದ್ರೆ ಕಚ್ಚುತ್ತೆ, ಆದ್ರೆ ಹೇಳಿ ಕಚ್ಚುತ್ತೆ."

"ಡೋಸೈಲ್ ಅಂದ್ರೆ?"

"ಅದು ಎಲ್ಲಾದಕ್ಕೂ ಕೊಡೋ ಪದ ಅಲ್ಲ ಮರಿ. ಮನಸ್ಸಿಟ್ಟು ಮಾತು ಕೇಳೋದು. ಅದಕ್ಕೆ ವರ್ಷ ಬೇಕು. ಎರಡೇ ದಿನಕ್ಕೆ ಡೋಸೈಲ್ ಆಯ್ತು ಅಂದ್ರೆ ಆ ಕುದುರೆ ಒಂದೋ ಕಾಯಿಲೆ, ಇಲ್ಲ ಕಳ್ಳ."

ಅಷ್ಟೆಲ್ಲ ಕುದುರೆಗಳನ್ನು ಪಳಗಿಸಿದ ಮಹಾನುಭಾವರು ತಮಗೆ ಮಾತ್ರ ಯಾರೂ ಕಡಿವಾಣ ಹಾಕದಂತೆ ಬಾಳಿದರು. ಮೂಗಿನ ತುದಿಯಲ್ಲೇ ಕೋಪ. ಅಮ್ಮ ಹೋದ ಮೇಲೆ, ಸವಾರಿ ಶಾಲೆಯೂ ಮುಚ್ಚಿದ ಮೇಲೆ, ಮಗಳ ಮನೆಗೆ ಬಂದರು. ಮಗಳದು ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಮನೆ ಮಾಲೀಕರು. ಹಾಲಿನವನ ಜೊತೆ ಜಗಳ, ಅಳಿಯನ ಜೊತೆ ಮುನಿಸು, ಟೀವಿಯ ಜೊತೆಯೂ ವಾದ. ಯಾರಾದರೂ "ಸ್ವಲ್ಪ ಸುಮ್ನಿರಿ" ಎಂದರೆ ಮುಗಿಯಿತು, ಆ ಮಾತೊಂದೇ ಸಾಕು ಸಿಟ್ಟು ನೆತ್ತಿಗೇರಲು. ಕೊನೆಗೊಂದು ಭಾನುವಾರ ಮಾಲೀಕರ ಮಗ ಅಂಗಳದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕಿದ್ದಕ್ಕೆ ಮೇಷ್ಟ್ರು ಮಹಡಿಯಿಂದ ಇಳಿದು ಹೋಗಿ ಅದರ ಮೇಲೆ ಒಂದು ಬಕೆಟ್ ನೀರು ಸುರಿದು, ಏನೂ ಆಗದವರಂತೆ ಬಂದು ಊಟಕ್ಕೆ ಕುಳಿತರು. ಮಾಲೀಕರು ಸಭ್ಯರು. ಕೂಗಾಡಲಿಲ್ಲ. "ನೋಡಮ್ಮ, ಒಂದೋ ಅವರು ಇರಲಿ, ಇಲ್ಲ ನೀವಿರಿ. ಎರಡೂ ಆಗಲ್ಲ," ಎಂದರು. ಅವರಿಲ್ಲದೆ ಇವಳು ಇರಬಹುದಿತ್ತು, ಇವಳಿಲ್ಲದೆ ಅವರು ಇರುವುದಾದರೂ ಎಲ್ಲಿ? ಹಾಗಾಗಿ ಹುಡುಕಾಟ ಶುರುವಾಯಿತು. ಮೊದಲು ಸೇರಿಸಿದ ಎರಡು ವೃದ್ಧಾಶ್ರಮದವರು ಕೈಮುಗಿದು ವಾಪಸು ಕಳಿಸಿದ್ದರು. ಇದು ಮೂರನೆಯದು. ಇಲ್ಲೂ ಆಗದಿದ್ದರೆ ಸಾಮಾನು ಕಟ್ಟುವುದೇ ಸೈ ಎಂದು ಗಂಡ ಮೊದಲೇ ಹೇಳಿಬಿಟ್ಟಿದ್ದ.

ಇಲ್ಲಿಯ ಪದ್ಧತಿ ಬೇರೆ. ಹೊಸಬರನ್ನು ಕೆಲವು ದಿನ ಕೆಳಗಿನ ಹಾಲ್‌ನಲ್ಲಿಟ್ಟು ನೋಡುತ್ತಾರೆ. ಪ್ರತಿ ಮಂಚದ ತಲೆಗಡೆ ಒಂದು ಪುಟ್ಟ ಸ್ಲೇಟು. ಒಂದು ಪಾಳಿಯ ಸಿಸ್ಟರ್ ಮನೆಗೆ ಹೋಗುವ ಮುನ್ನ ಮುಂದಿನ ಪಾಳಿಯವರಿಗಾಗಿ ಅದರ ಮೇಲೆ ಒಂದೇ ಒಂದು ಇಂಗ್ಲಿಷ್ ಪದ ಬರೆದು ಹೋಗುತ್ತಾರೆ. ಒಳ್ಳೆಯ ಪದ ಬಿದ್ದವರಿಗೆ ಮಹಡಿಯಲ್ಲಿ ಕಾಯಂ ಕೋಣೆ, 'ಡಿಫಿಕಲ್ಟ್' ಬಿದ್ದವರಿಗೆ ಮನೆಯ ದಾರಿ. ಹೋದ ವಾರ ಮೇಷ್ಟ್ರ ಸ್ಲೇಟಿನ ಮೇಲೆ ಆ ಪದವೇ ಇತ್ತು. ಅಂದು ಅವರು ಸೂಪಿನ ಬಟ್ಟಲನ್ನು ಗೋಡೆಗೆ ಎಸೆದಿದ್ದರು. ದೊಡ್ಡ ಸಿಸ್ಟರ್ ಮಗಳನ್ನು ಹಾಲ್ ಬಾಗಿಲಿನಾಚೆ ಕರೆದು, ಬಾಗಿಲು ಮುಚ್ಚಿ, "ಹೀಗೇ ಆದ್ರೆ ಕಷ್ಟ, ಬೇರೆ ಕಡೆ ನೋಡ್ಕೊಳಿ," ಎಂದಿದ್ದರು. ಅವರು ಹೋದ ಮೇಲೆ ಇವಳು ಆ ಬಾಗಿಲಿಗೇ ಒರಗಿ ಗಂಡನಿಗೆ ಫೋನ್ ಮಾಡಿ, "ನಂಗೆ ಇನ್ನು ಆಗಲ್ಲ ಕಣ್ರೀ, ಸಾಕಾಗಿಹೋಗಿದೆ, ಎಲ್ಲಿಗೆ ಅಂತ ಕರ್ಕೊಂಡು ಅಲೀಲಿ ಇವರನ್ನ," ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅದಾಗಿ ವಾರವೂ ತುಂಬಿಲ್ಲ. ಈಗ ನೋಡಿದರೆ ಡೋಸೈಲ್!

ಹಾಲ್‌ಗೆ ಕಾಲಿಟ್ಟಳು. ಮಂಚದ ಮೇಲೆ ಕುಳಿತಿದ್ದವರು ಅಪ್ಪನೇ. ಸ್ಲೇಟಿನ ಮೇಲೆ ದುಂಡಗಿನ ಅಕ್ಷರದಲ್ಲಿ ಆ ಪದವೂ ಇತ್ತು. ದಪ್ಪನೆಯ ಆಯಾ ಒಬ್ಬಳು ಎದುರಿಗೆ ಸ್ಟೂಲ್ ಹಾಕಿಕೊಂಡು ಸೂಪು ಕುಡಿಸುತ್ತಿದ್ದಳು.

"ನಮ್ಮ ಬಂಗಾರ ಅಲ್ವಾ? ಆ ಮಾಡಿ... ಹಾಂ, ಜಾಣ!"

ಬಟ್ಟಲು ಈಗ ಹಾರುತ್ತದೆ, ಇಲ್ಲವೇ ಸ್ಟೂಲೇ ಹಾರುತ್ತದೆ ಎಂದು ಮಗಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಏನೂ ಹಾರಲಿಲ್ಲ. ಲಗಾಮು ಮೇಷ್ಟ್ರು ಬಾಯಿ ತೆರೆದರು, ಸೂಪು ನುಂಗಿದರು, ಮತ್ತೆ ತೆರೆದರು. ಆಯಾ ಗಲ್ಲ ಒರೆಸಿದಳು. ಒರೆಸಲು ಬಿಟ್ಟರು.

"ನೋಡಿ, ಹೆಂಗಿದಾರೆ ನಮ್ಮ ತಾತ! ಚಿನ್ನ, ಚಿನ್ನ," ಎಂದು ಆಯಾ ಹೆಮ್ಮೆಯಿಂದ ಬಟ್ಟಲು ತೆಗೆದುಕೊಂಡು ಎದ್ದುಹೋದಳು.

ಮಗಳು ಮಂಚದ ಅಂಚಿನಲ್ಲಿ ಕುಳಿತಳು. ದಿಂಬಿನ ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟು ಹತ್ತಿ ಇಣುಕುತ್ತಿತ್ತು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದಿನವಿಡೀ ಇಸ್ತ್ರಿ ಮಾಡುವ ಅವಳ ಕೈ ಸುಮ್ಮನಿರಲಿಲ್ಲ. ಅದನ್ನು ಒಳಗೆ ತುರುಕಿ ಗವಸು ಎಳೆದು ಸರಿಮಾಡಿದಳು. ಆಮೇಲೆ ಕೇಳಿದಳು.

"ಅಪ್ಪ, ಹೆಂಗಿದೀಯ?"

ಅಪ್ಪ ನಸುನಗುತ್ತ ತಲೆಯಾಡಿಸಿದರು.

"ರಾತ್ರಿ ನಿದ್ದೆ ಬರುತ್ತಾ?"

ತಲೆಯಾಡಿಸಿದರು.

"ಸಿಟ್ಟು ಬಂದಿದೆಯಾ ನನ್ನ ಮೇಲೆ?"

ಅದಕ್ಕೂ ಅದೇ ನಗೆ, ಅದೇ ತಲೆಯಾಟ. "ನಾನು ಯಾರು ಹೇಳು?" ಎಂದಳು. ತಲೆಯಾಡಿಸಿದರು. ಕೊನೆಗೆ ದಿಕ್ಕು ತೋಚದೆ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ತಾನೆ ಎಂದು ಆಚೀಚೆ ನೋಡಿ, ಎಂದೂ ಆಡಬಾರದ ಮಾತನ್ನೇ ಆಡಿಬಿಟ್ಟಳು. "ನೀನು ಪಳಗಿಸಿದ್ದು ಒಂದೂ ಕುದುರೆ ಅಲ್ಲ. ಎಲ್ಲಾ ಕತ್ತೆಗಳು."

ಇಂಥ ಮಾತಾಡಿದ ಭಾವಮೈದುನನೊಬ್ಬನನ್ನು, ಅವನು ಸಾಯುವವರೆಗೂ, ಅವರು ಮನೆ ಹೊಸಿಲು ತುಳಿಯಲು ಬಿಟ್ಟಿರಲಿಲ್ಲ. ಈಗ ಅಪ್ಪ ಕಿತ್ತಳೆ ಹಣ್ಣಿನ ಚೀಲ ನೋಡುತ್ತ, ಹೌದು ಹೌದು ಎಂಬಂತೆ ತಲೆಯಾಡಿಸಿದರು.

ಅವಳಿಗೆ ಅಳು ಬಂತು. ಬಂದ ಅಳು ಯಾತಕ್ಕೆಂದೇ ಗೊತ್ತಾಗಲಿಲ್ಲ. ಎಷ್ಟು ವರ್ಷ ಬೇಡಿಕೊಂಡಿದ್ದಳು, ದೇವರೇ ಇವರು ಒಂದು ಸ್ವಲ್ಪ ಮೆತ್ತಗಾಗಲಿ ಎಂದು! ಈಗ ಆಗಿದ್ದಾರೆ. ಖುಷಿಪಡುವುದು ಬಿಟ್ಟು ಗರ ಬಡಿದವಳ ಹಾಗೆ ಕುಳಿತಿದ್ದೇನಲ್ಲ, ನನಗೇನಾಗಿದೆ ಎಂದು ತನ್ನನ್ನೇ ಬೈದುಕೊಂಡಳು. ಎದ್ದು ಸೀದಾ ದೊಡ್ಡ ಸಿಸ್ಟರ್ ಹತ್ತಿರ ಹೋದಳು.

"ಸಿಸ್ಟರ್, ಏನ್ ಕೊಡ್ತಿದೀರ ಅವರಿಗೆ?"

"ಏನ್ ಕೊಡ್ತಿದೀರ ಅಂದ್ರೆ?"

"ಮಾತ್ರೆ ಗೀತ್ರೆ. ಮಂಪರು ಬರೋ ಅಂಥದ್ದು."

ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಬಿಪಿ ಮಾತ್ರೆ ಬಿಟ್ರೆ ಬೇರೆ ಏನೂ ಕೊಟ್ಟಿಲ್ಲ. ಅದೂ ನೀವೇ ತಂದುಕೊಟ್ಟಿದ್ದು. ಡಾಕ್ಟ್ರು ನಿನ್ನೆ ತಾನೇ ನೋಡಿದಾರೆ, ಗಟ್ಟಿಮುಟ್ಟಾಗಿದಾರೆ ಅಂದ್ರು. ಅಲ್ಲಮ್ಮ, ಎಲ್ಲರೂ ನಮ್ಮಪ್ಪ ಮಾತು ಕೇಳಲ್ಲ ಅಂತ ಬರ್ತಾರೆ, ಮಾತು ಕೇಳ್ತಾರೆ ಅಂತ ದೂರು ತಂದವರು ನೀವೇ ಮೊದಲು!"

"ದೂರಲ್ಲ ಸಿಸ್ಟರ್..."

"ಮತ್ತೆ? ಮೇಲೆ ಒಂದು ಕೋಣೆ ಖಾಲಿ ಇದೆ. ಕಿಟಕಿ, ಗಾಳಿ, ಬೆಳಕು, ಎಲ್ಲಾ ಚೆನ್ನಾಗಿದೆ. ಈಗಲೇ ಕರ್ಕೊಂಡು ಹೋಗೋಣ ಅಂತಿದ್ವಿ. ನೀವು ಒಂದು ಮಾತು ಹೂಂ ಅಂದ್ರೆ ಆಯ್ತು."

ಹೂಂ ಎನ್ನುವುದಕ್ಕೆ ಏನು ಕಷ್ಟ? ಆದರೂ "ಒಂದು ನಿಮಿಷ," ಎಂದು ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. "ಹೂಂ ಅನ್ನು ಮಾರಾಯ್ತಿ, ಅವರ ಮನಸ್ಸು ಬದಲಾಗೋ ಮುಂಚೆ!"

"ಏನೋ ಸರಿ ಇಲ್ಲ ಕಣ್ರೀ. ನಗ್ತಾ ಕೂತಿದಾರೆ."

"ನಕ್ರೂ ತಪ್ಪಾ? ಅತ್ರೂ ತಪ್ಪಾ? ನಿಂಗೆ ನಿಮ್ಮಪ್ಪ ಹೆಂಗಿರಬೇಕು, ಮೊದ್ಲು ಅದನ್ನ ಹೇಳು."

ಅದೇ ಅವಳಿಗೂ ಗೊತ್ತಿರಲಿಲ್ಲ. ಫೋನ್ ಇಟ್ಟು ಹಾಲ್ ಕಡೆ ನೋಡಿದಳು. ಒಂದೋ ಕಾಯಿಲೆ, ಇಲ್ಲ ಕಳ್ಳ. ಕಾಯಿಲೆಯಾದರೆ ಇಂಥ ಹೊತ್ತಲ್ಲಿ ಅಪ್ಪನನ್ನು ಮಹಡಿ ಹತ್ತಿಸಿ ಕೈತೊಳೆದುಕೊಂಡು ಹೋಗುವುದೆ? ಇವತ್ತೇ ಮನೆಗೆ ಕರೆದೊಯ್ಯಬೇಕು, ಒಳ್ಳೆಯ ಡಾಕ್ಟರಿಗೆ ತೋರಿಸಬೇಕು. ಮನೆಗೆ ಕರೆದೊಯ್ದರೆ ಮನೆಯೇ ಇಲ್ಲ. ತಲೆ ಚಿಟ್ಟು ಹಿಡಿದುಹೋಯಿತು. ಮೇಲಕ್ಕೋ ಮನೆಗೋ, ಎಲ್ಲಿಗಾದರೂ ಮೊದಲು ತಲೆ ಬಾಚಿ ಮುಖ ಒರೆಸೋಣ ಎಂದು ಚೀಲದಿಂದ ಬಾಚಣಿಗೆ ತೆಗೆದುಕೊಂಡು ಮತ್ತೆ ಮಂಚದ ಹತ್ತಿರ ಬಂದಳು.

ಮುಂದಿನ ಕೂದಲು ಬಾಚುವವರೆಗೆ ಅಪ್ಪ ಸುಮ್ಮನಿದ್ದರು. ಕಿವಿಯ ಹಿಂದೆ ಬಾಚಲು ಹೋದಾಗ ತಲೆಯನ್ನು ಚಕ್ಕನೆ ಆಚೆ ಕೊಡವಿಕೊಂಡರು. ಅವಳ ಕೈ ನಿಂತಿತು. ಇನ್ನೊಂದು ಕಡೆಯಿಂದ ಪ್ರಯತ್ನಿಸಿದಳು. ಮತ್ತೆ ಕೊಡವಿದರು. ಬಂದಾಗಿನಿಂದ ಅವರು ಒಲ್ಲೆ ಎಂದಿದ್ದು ಇದೊಂದಕ್ಕೇ. ಅವಳಿಗೆ ಯಾಕೋ ಜೀವ ಬಂದಂತಾಯಿತು. ಚಿಕ್ಕವಳಿದ್ದಾಗ ಅವರು ತನ್ನ ಗಲ್ಲ ಹಿಡಿಯುತ್ತಿದ್ದ ಹಾಗೆಯೇ ಅವರ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನರೆತ ಕೂದಲಿನ ನಡುವೆ, ಕಿವಿಯ ಒಳಗೆ, ಬೆಳ್ಳಗೆ ಏನೋ ಕಂಡಿತು.

ಹತ್ತಿ. ಸುಮ್ಮನೆ ತುರುಕಿದ್ದಲ್ಲ. ಬತ್ತಿಯ ಹಾಗೆ ಉದ್ದಕ್ಕೆ ಹೊಸೆದು, ತುದಿ ಮೆತ್ತಗೆ ಬಿಟ್ಟು, ಹದವಾಗಿ ಇಳಿಸಿದ್ದು. ಆ ಕೈಕೆಲಸ ಅವಳಿಗೆ ಗೊತ್ತಿತ್ತು. ಸವಾರಿ ಶಾಲೆಯಲ್ಲಿ ಬ್ಯಾಂಡು ಬಾರಿಸುವ ದಿನ, ಬೆದರುವ ಕುದುರೆಗಳ ಕಿವಿಗೆ ಅಪ್ಪ ಹೀಗೇ ಹತ್ತಿ ಇಡುತ್ತಿದ್ದರು. ಹೊಸೆದು ಕೊಡುವ ಕೆಲಸ ಇವಳದು. "ಗಟ್ಟಿ ಬೇಡ ಮರಿ, ನೋವಾಗುತ್ತೆ. ಸಡಿಲ ಬೇಡ, ಬಿದ್ದುಹೋಗುತ್ತೆ." ಹತ್ತಿ ಇಟ್ಟ ಮೇಲೆ ಎಂಥ ಪುಂಡ ಕುದುರೆಯೂ ತಮಟೆ ಸದ್ದಿನ ನಡುವೆ ಕಣ್ಣು ಪಿಳಿಪಿಳಿ ಬಿಡುತ್ತ ನಿಲ್ಲುತ್ತಿತ್ತು. ಅಪ್ಪನ ಕಿವಿ ಮೊದಲೇ ಮಂದ. ಅದರ ಮೇಲೆ ಇದು. ಇನ್ನೇನು ಕೇಳಿಸೀತು?

ಅವಳು ಎರಡು ಬೆರಳಿನಿಂದ ಮೆಲ್ಲಗೆ ಎಳೆದಳು. ಒಂದು ಕಿವಿಯದು ಬಂತು. ಇನ್ನೊಂದೂ ಬಂತು. ಅಪ್ಪ ಕಣ್ಣು ಕಿರಿದು ಮಾಡಿದರು. ಟೀವಿಯ ಗದ್ದಲ, ಟ್ರಾಲಿಯ ಕಿರುಗುಟ್ಟುವ ಚಕ್ರ, ಮೂಲೆಯ ಮಂಚದವರ ಕೆಮ್ಮು, ಆಯಾಳ "ಬಂಗಾರ, ಬಂಗಾರ" ಎಲ್ಲ ಒಟ್ಟಿಗೇ ನುಗ್ಗಿರಬೇಕು. ಆ ಬೆಪ್ಪು ನಗೆ ಮುಖದಿಂದ ಇಳಿದುಹೋಯಿತು. ಅದರ ಕೆಳಗೆ ಅವಳಿಗೆ ಗೊತ್ತಿದ್ದ ಹಳೆಯ ಮುಖ ಇತ್ತು.

"ವಾಪಸ್ ಇಡು," ಎಂದರು ಅಪ್ಪ, ಹಲ್ಲು ಕಚ್ಚಿಕೊಂಡು. "ಆ ಟೀವಿ ಇನ್ನೊಂದು ಗಳಿಗೆ ಕೇಳಿಸಿದ್ರೆ ಹೋಗಿ ಒಡೆದು ಹಾಕ್ತೀನಿ."

ಅವಳಿಗೆ ನಗು ಬಂತು. ಅಳುವೂ ಅದರ ಜೊತೆಗೇ ಬಂತು. "ಎಂಥ ಕೆಲಸ ಅಪ್ಪ ಇದು! ನಾನು ನಿಂಗೆ ಏನೋ ಆಗೋಯ್ತು ಅಂತ..."

"ಏನಾಗಬೇಕು ನಂಗೆ? ಆ ಹೆಂಗಸು ಬಂಗಾರ ಅಂತಾಳೆ. ನಿಮ್ಮಮ್ಮನೂ ಒಂದು ದಿನ ಅಂದಿಲ್ಲ ನನ್ನ ಬಂಗಾರ ಅಂತ. ಕೇಳಿಸಿದ್ರೆ ಕೈ ಸುಮ್ನಿರಲ್ಲ. ಕೇಳಿಸದೇ ಇದ್ರೆ ಪಾಪ ಒಳ್ಳೆಯವಳೇ, ತುತ್ತು ಸರಿಯಾಗಿ ಇಡ್ತಾಳೆ."

"ಯಾಕೆ ಹಿಂಗ್ ಮಾಡಿದೆ? ಮೊದಲೆರಡು ಕಡೆ ಮಾಡಲಿಲ್ಲ, ಇಲ್ಲಿ ಯಾಕೆ?"

ಅಪ್ಪ ಮಂಚದ ಪಕ್ಕದ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಕುಟ್ಟಿದರು. ಪೊಳ್ಳು ಸದ್ದು ಬಂತು.

"ಇದು ತೀರಾ ತೆಳ್ಳಗಿದೆ ಮರಿ. ಆಚೆ ನಿಂತೋರು ಮಾತಾಡಿದ್ರೆ ನನ್ನಂಥ ಕಿವುಡನಿಗೂ ಕೇಳಿಸುತ್ತೆ," ಎಂದರು.

ಹೋದ ವಾರ ಆ ಬಾಗಿಲಿಗೆ ಒರಗಿದ್ದ ಅವಳ ಬೆನ್ನು ಈಗ ಚುರುಗುಟ್ಟಿದಂತಾಯಿತು. ಏನೇನು ಹೇಳಿದ್ದೆ? ಸಾಕಾಗಿದೆ ಎಂದಿದ್ದೆನೆ? ಇನ್ನೂ ಕೆಟ್ಟದಾಗಿ ಏನಾದರೂ ಅಂದಿದ್ದೆನೆ? ಎಷ್ಟು ನೆನೆದರೂ ನೆನಪಾಗಲಿಲ್ಲ. ಅಪ್ಪನ ಕೈ ಹಿಡಿದುಕೊಂಡು, "ಏಳು ಅಪ್ಪ. ಮನೆಗೆ ಹೋಗೋಣ. ಏನಾದ್ರೂ ಆಗ್ಲಿ, ಹೋಗೋಣ," ಎಂದಳು. ಆ ಗಳಿಗೆಗೆ ಅದು ಮನಸಾರೆ ಆಡಿದ ಮಾತು.

"ಮನೇಲಿ ಈ ಹತ್ತಿ ಸಾಲಲ್ಲ," ಎಂದರು ಅಪ್ಪ. ಒಂದು ಕಿತ್ತಳೆ ತೆಗೆದು ಸಿಪ್ಪೆಗೆ ಉಗುರು ಊರಿದರು. ಸುಲಿಯುತ್ತಲೇ ಕತ್ತೆತ್ತಿ ಸ್ಲೇಟಿನ ಕಡೆ ನೋಡಿ, "ಏನ್ ಬರ್ದಿದಾರೆ ಅಲ್ಲಿ?" ಎಂದು ಕೇಳಿದರು.

"ಡೋಸೈಲ್."

"ಥೂ! ಅದೇನು ಬೀದೀಲಿ ಬಿದ್ದಿರೋ ಪದಾನಾ? ಇವರಿಗೆ ಪದದ ಬೆಲೆನೇ ಗೊತ್ತಿಲ್ಲ." ಅವರಿಗೆ ನಿಜವಾಗಿಯೂ ಕೋಪ ಬಂದಿತ್ತು. "ನಾನಾಗಿದ್ರೆ ಕೊಡ್ತಿರಲಿಲ್ಲ."

"ನೀನಾಗಿದ್ರೆ ಏನ್ ಕೊಡ್ತಿದ್ದೆ?"

"ಮ್ಯಾನೇಜಬಲ್," ಎಂದರು ಅಪ್ಪ. ಅರ್ಧ ಕಿತ್ತಳೆಯನ್ನು ಅವಳ ಕೈಗಿಟ್ಟರು.

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಆಯಾಳನ್ನು ಹಿಂದಿಟ್ಟುಕೊಂಡು ಬರುತ್ತಿರುವುದು ಕಾಣಿಸಿತು. ಅಪ್ಪನೂ ನೋಡಿದರು. ನೋಡಿ, ತಲೆಯನ್ನು ಸ್ವಲ್ಪ ಬಗ್ಗಿಸಿ ಒಂದು ಕಿವಿಯನ್ನು ಮಗಳ ಕಡೆ ಕೊಟ್ಟರು. ಕುದುರೆಗಳೂ ಕೊನೆಕೊನೆಗೆ ಹಾಗೆ ತಾವಾಗಿಯೇ ಬಗ್ಗುತ್ತಿದ್ದವು.

ಏನು ಮಾಡುವುದು, ಬಿಡುವುದು ಎಂದು ಅವಳು ತೀರ್ಮಾನಿಸಿದ್ದೇ ಇಲ್ಲ. ಕೈಯೇ ದಿಂಬಿನ ಬಿಟ್ಟ ಹೊಲಿಗೆಯೊಳಗೆ ಹೋಯಿತು, ಹೊಸ ಹತ್ತಿ ತೆಗೆಯಿತು, ಹೊಸೆಯಿತು. ಗಟ್ಟಿ ಬೇಡ, ನೋವಾಗುತ್ತದೆ. ಸಡಿಲ ಬೇಡ, ಬಿದ್ದುಹೋಗುತ್ತದೆ. ಕೂದಲು ಸರಿಮಾಡುವವಳಂತೆ ಒಂದು ಕಿವಿಗೆ ಇಟ್ಟಳು. ಇನ್ನೊಂದಕ್ಕೆ ಇಡುವ ಮುನ್ನ ಬಗ್ಗಿ, ಅದರ ಹತ್ತಿರ ಬಾಯಿ ತಂದು, "ಕಳ್ಳ," ಎಂದಳು.

ಅಪ್ಪನ ಭುಜ ಕುಲುಕಿತು. ಅವಳು ಹತ್ತಿ ಇಟ್ಟಳು. ಬೆಪ್ಪು ನಗೆ ಮತ್ತೆ ಮುಖದ ಮೇಲೆ ಬಂದು ಕುಳಿತಿತು.

"ಏನ್ ಹೇಳಿದ್ರಿ ಅವರಿಗೆ? ನಗ್ತಿದಾರಲ್ಲ!" ಎಂದರು ದೊಡ್ಡ ಸಿಸ್ಟರ್.

"ಏನಿಲ್ಲ ಸಿಸ್ಟರ್. ಮೇಲೆ ಕಿಟಕಿ ಇದೆ ಅಂದೆ."

ಆಯಾ ಅಪ್ಪನ ಮೊಣಕೈ ಹಿಡಿದಳು. ಏಳಿ ಎಂದು ಸನ್ನೆ ಮಾಡಿದಳು, ಎದ್ದರು. ಮೆಟ್ಟಿಲ ಹತ್ತಿರ ಕಾಲೆತ್ತಿ ಎಂದು ಸನ್ನೆ ಮಾಡಿದಳು, ಎತ್ತಿದರು. ಎಂಥ ಜೀನು, ಲಗಾಮಿಗೂ ಬಗ್ಗದ ಆ ಬೆನ್ನು ಒಂದೊಂದೇ ಮೆಟ್ಟಿಲು ಹತ್ತಿ, ತಿರುವಿನಲ್ಲಿ ನಿಂತು, "ಹಾಂ, ಜಾಣ!" ಎನ್ನಿಸಿಕೊಂಡು, ಮರೆಯಾಯಿತು. ಅವರು ಹಿಂತಿರುಗಿ ನೋಡಲಿಲ್ಲ. ಮಗಳು ಕೂಗಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಅವಳು ಕೆಳಗೆ ನಿಂತೇ ಇದ್ದಳು. ಒಂದು ಮುಷ್ಟಿಯಲ್ಲಿ ಅರ್ಧ ಕಿತ್ತಳೆ, ಇನ್ನೊಂದರಲ್ಲಿ ಹಳೆಯ ಹತ್ತಿ. ದೊಡ್ಡ ಸಿಸ್ಟರ್ ಹತ್ತಿರ ಬಂದು ಭುಜ ತಟ್ಟಿದರು.

"ಈಗ ಸಮಾಧಾನ ಆಯ್ತು ತಾನೆ?"

ಅವಳು ನಸುನಕ್ಕು ತಲೆಯಾಡಿಸಿದಳು.

"ಬರೋ ವಾರ ಬರ್ತೀರಲ್ಲ?"

ತಲೆಯಾಡಿಸಿದಳು.

ಮೇಲಿನಿಂದ ಮಂಚ ಎಳೆಯುವ ಸದ್ದು ಬಂತು. ದೊಡ್ಡ ಸಿಸ್ಟರ್ ಇನ್ನೂ ಏನನ್ನೋ ಕೇಳಿದರು. ಏನೆಂದು ಅವಳಿಗೆ ತಿಳಿಯಲಿಲ್ಲ. ಅದಕ್ಕೂ ತಲೆಯಾಡಿಸಿದಳು.